ಶಾಲಾ ಮಂತ್ರಿಮಂಡಲ ಗುರಿ ಹಾಕಿಕೊಳ್ಳುವುದು ಹೇಗೆ?

ಜೂನ್ ಕೊನೆ, ಜುಲೈ ಮೊದಲ ವಾರ ಅಂದರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಚುನಾವಣೆಯ ಕಾಲ. ನಾಮಪತ್ರ, ಚಿಹ್ನೆ, ತರಗತಿಯಿಂದ ತರಗತಿಗೆ ಪ್ರಚಾರ, ಬೆರಳಿಗೆ ಶಾಯಿ, ಯಾವುದಕ್ಕೂ ಕಮ್ಮಿ ಇರುವುದಿಲ್ಲ. ಈಚೆಗೆ ಮೊಬೈಲಿನಲ್ಲೇ ಮತಯಂತ್ರದ ಆ್ಯಪ್ ಹಾಕಿಕೊಂಡು ಮತದಾನ ಮಾಡಿಸುವ ಶಾಲೆಗಳೂ ಬೇಕಾದಷ್ಟಿವೆ. ಎಣಿಕೆ ಮುಗಿಯುತ್ತದೆ. ಪ್ರಾರ್ಥನೆಯ ಹೊತ್ತಿಗೆ ಪ್ರಮಾಣವಚನ ಆಗುತ್ತದೆ. ಮುಖ್ಯಮಂತ್ರಿಯಿಂದ ನೀರಾವರಿ ಮಂತ್ರಿಯವರೆಗೆ ಖಾತೆ ಹಂಚಿ, ವಿರೋಧ ಪಕ್ಷದ ನಾಯಕನನ್ನೂ ನಿಲ್ಲಿಸಿಕೊಂಡು ಗ್ರೂಪ್ ಫೋಟೊ ತೆಗೆಯುತ್ತೇವೆ. ಆ ಮಕ್ಕಳ ಮುಖದಲ್ಲಿ ಅಂದು ಇರುವ ಹುರುಪನ್ನು ನೋಡಿದವರಿಗೇ ಗೊತ್ತು. ಆಮೇಲೆ ಮೂರು ವಾರ ಬಿಟ್ಟು ಆರೋಗ್ಯ ಮಂತ್ರಿಯನ್ನು ಕರೆದು, "ನಿನ್ನ ಕೆಲಸ ಏನಮ್ಮ?" ಅಂತ ಕೇಳಿ ನೋಡಿ. ಅವಳು ನೆಲ ನೋಡುತ್ತಾಳೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ.

ನಾನು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹಲವು ವರ್ಷಗಳಿಂದ ಶಾಲಾ ಸಂಸತ್ತಿನ ಉಸ್ತುವಾರಿ ನನ್ನ ಪಾಲಿಗೆ ಬಂದಿದೆ. ಮೊದಮೊದಲು ನಡಾವಳಿ ಪುಸ್ತಕದಲ್ಲಿ ಗುರಿಗಳನ್ನು ನಾನೇ ಬರೆಯುತ್ತಿದ್ದೆ: ಶಾಲೆಯನ್ನು ಸ್ವಚ್ಛವಾಗಿಡುವುದು, ಶಿಸ್ತು ಕಾಪಾಡುವುದು, ಎಲ್ಲರೂ ಚೆನ್ನಾಗಿ ಓದುವುದು. ಮಕ್ಕಳು ಕೆಳಗೆ ಸಹಿ ಹಾಕುತ್ತಿದ್ದರು. ಒಂದು ವರ್ಷ ಮಾರ್ಚ್‌ನಲ್ಲಿ ಅದೇ ಪುಟ ತೆಗೆದು, ಇದರಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ ಅಂತ ಕೇಳಿದೆ. ಒಬ್ಬ ಹುಡುಗ, "ಸ್ವಲ್ಪ ಸ್ವಲ್ಪ ಎಲ್ಲಾ ಆಯ್ತು ಮಿಸ್" ಅಂದ. ಆ ಉತ್ತರ ಬಹಳ ದಿನ ನನ್ನನ್ನು ಕಾಡಿತು. ಆಯಿತೋ ಇಲ್ಲವೋ ಅಂತ ಹೇಳಲಾಗದ ಕೆಲಸವನ್ನು ನಾನು ಮಕ್ಕಳ ತಲೆಗೆ ಕಟ್ಟಿದ್ದೆ. ಒಂದು ವರ್ಷ ಪೂರ್ತಿ ಅವರು ಗೆಲ್ಲುವ ಹಾಗೂ ಇರಲಿಲ್ಲ, ಸೋಲುವ ಹಾಗೂ ಇರಲಿಲ್ಲ.

ಈಗ ಯಾವ ಗುರಿ ಬಂದರೂ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: "ಇದು ಆಯಿತು ಅಂತ ಯಾವ ದಿನ, ಏನನ್ನು ತೋರಿಸಿ ಹೇಳುತ್ತೀರಿ?" ಉತ್ತರ ಇಲ್ಲದಿದ್ದರೆ ಅದು ಇನ್ನೂ ಆಸೆಯೇ. ಆಸೆ ಬೇಡ ಅಂತಲ್ಲ, ಗುರಿ ಹುಟ್ಟುವುದೇ ಅದರಿಂದ. ಆದರೆ ಅಲ್ಲೇ ನಿಲ್ಲಬಾರದು.

ದಿಮ್ಮಿ ಲಾರಿಗಳ ಪಾಠ

ಗುರಿ ಖಚಿತವಾಗಿದ್ದರೆ ಕೆಲಸ ಯಾಕೆ ಸಾಗುತ್ತದೆ ಅನ್ನುವುದನ್ನು ಮನಶ್ಶಾಸ್ತ್ರಜ್ಞರು ಬಹಳ ಕಾಲದಿಂದ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಎಡ್ವಿನ್ ಲಾಕ್ 1968ರಲ್ಲಿ ಇದರ ಬಗ್ಗೆ ಬರೆದರು. "ನಿನ್ನ ಕೈಲಾದಷ್ಟು ಮಾಡು" ಅನ್ನುವುದಕ್ಕಿಂತ, ಸ್ವಲ್ಪ ಕಷ್ಟದ್ದೇ ಆದರೂ ಇಂತಿಷ್ಟು ಅಂತ ಗೊತ್ತುಮಾಡಿದ ಗುರಿಯೇ ಹೆಚ್ಚು ಕೆಲಸ ಮಾಡಿಸುತ್ತದೆ ಅನ್ನುವುದು ಅವರ ವಾದ. ಗ್ಯಾರಿ ಲೇಥಮ್ ಮತ್ತು ಅವರ ಜೊತೆಗಾರರು ಇದನ್ನು ಒಕ್ಲಹೋಮದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳ ಮೇಲೆ ಪ್ರಯೋಗ ಮಾಡಿ 1975ರಲ್ಲಿ ಪ್ರಕಟಿಸಿದರು. ಕಾನೂನು ಒಪ್ಪುವ ಭಾರದಲ್ಲಿ ಸುಮಾರು ಶೇ 60ರಷ್ಟನ್ನು ಮಾತ್ರ ತುಂಬಿಕೊಂಡು ಲಾರಿಗಳು ಹೊರಡುತ್ತಿದ್ದವು. ಆದಷ್ಟು ತುಂಬಿ ಅಂದರೆ ಏನೂ ಬದಲಾಗಿರಲಿಲ್ಲ. ಶೇ 94 ಅಂತ ಅಂಕಿ ಕೊಟ್ಟರು. ಹೆಚ್ಚಿನ ಕೂಲಿ ಕೊಡಲಿಲ್ಲ, ಬಹುಮಾನ ಇಡಲಿಲ್ಲ. ಕೆಲವು ತಿಂಗಳಲ್ಲಿ ಭಾರ ಶೇ 90 ದಾಟಿತು. ಆ ಕೆಲಸಗಾರರು ಮೊದಲು ಸೋಮಾರಿಗಳಾಗಿದ್ದರು ಅಂತಲ್ಲ, "ಆದಷ್ಟು" ಅಂದರೆ ಎಷ್ಟು ಅಂತ ಅವರಿಗೆ ತಿಳಿದಿರಲಿಲ್ಲ ಅಷ್ಟೇ. ನಮ್ಮ ಮಕ್ಕಳದೂ ಇದೇ ಸ್ಥಿತಿ.

ತರಬೇತಿಗಳಲ್ಲಿ 'ಸ್ಮಾರ್ಟ್' ಗುರಿ ಅಂತ ಹೇಳಿಕೊಡುತ್ತಾರಲ್ಲ, ಅದು ಹುಟ್ಟಿದ್ದು 1981ರ ನವೆಂಬರ್‌ನಲ್ಲಿ. ವಾಷಿಂಗ್ಟನ್ ವಾಟರ್ ಪವರ್ ಎಂಬ ಕಂಪನಿಯ ಯೋಜನಾ ವಿಭಾಗದಲ್ಲಿ ಕೆಲಸ ಮಾಡಿದ್ದ ಜಾರ್ಜ್ ಡೋರನ್ ಒಂದು ಪತ್ರಿಕೆಗೆ ಬರೆದ ಪುಟ್ಟ ಲೇಖನದಲ್ಲಿ. ಆ ಇಂಗ್ಲಿಷ್ ಪದದ ಮೂರನೇ ಅಕ್ಷರಕ್ಕೆ ಇವತ್ತು ಎಲ್ಲರೂ 'ಸಾಧಿಸಲು ಆಗುವಂಥದ್ದು' ಅಂತ ಅರ್ಥ ಹೇಳುತ್ತಾರೆ. ಡೋರನ್ ಬರೆದದ್ದು ಬೇರೆ: ಯಾರು ಮಾಡುತ್ತಾರೆ ಅಂತ ಹೆಸರು ಹಿಡಿದು ವಹಿಸಬೇಕು ಅಂತ. ಈ ಹಳೆಯ ಅರ್ಥ ಮಕ್ಕಳ ಗುಂಪಿಗೆ ಹೆಚ್ಚು ಬೇಕು ಅಂತ ನನಗೆ ಅನ್ನಿಸುತ್ತದೆ. 'ಎಲ್ಲರೂ ಸೇರಿ' ಅಂತ ಬರೆದ ಕೆಲಸ ಯಾರ ಕೆಲಸವೂ ಆಗುವುದಿಲ್ಲ. ಎಲ್ಲ ಗುರಿಯೂ ಆ ಪದದ ಐದು ಅಕ್ಷರಗಳು ಹೇಳುವ ಐದೂ ಲಕ್ಷಣಕ್ಕೆ ಕೂಡಿಬರಲೇಬೇಕು ಅಂತೇನಿಲ್ಲ ಅಂತ ಡೋರನ್ ಅವರೇ ಅಲ್ಲಿ ಹೇಳಿದ್ದರು. ನಾವು ಆ ಮಾತನ್ನು ಮರೆತು ನಮೂನೆ ಹಿಡಿದು ಕೂತಿದ್ದೇವೆ.

ಮಕ್ಕಳಿಗೆ ಇದನ್ನೆಲ್ಲ ಹೇಳುವುದು ಬೇಡ. ಏನು, ಎಷ್ಟು, ಯಾರು, ಯಾವಾಗ: ಕರಿಹಲಗೆಯ ಮೇಲೆ ಈ ನಾಲ್ಕು ಮಾತು ಸಾಕು.

ನಲ್ಲಿಯ ಮುಂದಿನ ಸಾಲು

ಒಂದು ವರ್ಷದ ಕಥೆಯನ್ನು ಬಿಡಿಸಿ ಹೇಳುತ್ತೇನೆ. ಆ ವರ್ಷದ ಆರೋಗ್ಯ ಮಂತ್ರಿ ಏಳನೇ ತರಗತಿಯ ಹುಡುಗಿ, ಮಾತು ಕಡಿಮೆ. ಮೊದಲ ಸಭೆಯಲ್ಲಿ ಅವಳು ಇಟ್ಟ ಗುರಿ, 'ಊಟಕ್ಕೆ ಮುಂಚೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಬೇಕು.' ಅದೇ ಪ್ರಶ್ನೆ ಕೇಳಿದೆ. ಅವಳು ಯೋಚಿಸಿ, "ಎಣಿಸಿ ನೋಡ್ತೀವಿ ಮಿಸ್" ಅಂದಳು. ಅಂದೇ ಮಧ್ಯಾಹ್ನ ಇಬ್ಬರು ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ನೋಟ್‌ಬುಕ್ ಹಿಡಿದು ಕೂತರು. ಸೋಪು ಹಚ್ಚಿದವರಿಗೆ ಒಂದು ಗೀಟು, ಬರೀ ನೀರಿಗೆ ಕೈ ಒಡ್ಡಿದವರಿಗೆ ಒಂದು ಸೊನ್ನೆ, ಯಾರ ಹೆಸರನ್ನೂ ಬರೆಯುವ ಹಾಗಿಲ್ಲ. ಪುಟದ ತುಂಬ ಸೊನ್ನೆಗಳೇ.

ನಾನಾಗಿದ್ದರೆ ಮಾರನೇ ದಿನ ಪ್ರಾರ್ಥನೆಯಲ್ಲಿ ಸ್ವಚ್ಛತೆಯ ಮೇಲೆ ಭಾಷಣ ಮಾಡುತ್ತಿದ್ದೆ. ಕೂತು ಎಣಿಸಿದ್ದ ಹುಡುಗಿಯರ ಕಣ್ಣಿಗೆ ಬೇರೆಯದೇ ಬಿದ್ದಿತ್ತು. ಶಾಲೆಯಲ್ಲಿ 132 ಮಕ್ಕಳು. ನಲ್ಲಿ ನಾಲ್ಕಿದ್ದರೂ ಒಂದರ ತಿರುಪು ಕೆಟ್ಟು, ಇದ್ದದ್ದು ಮೂರು. ಸೋಪು ಹಾಕಿ ತೊಳೆಯಲು ಒಬ್ಬರಿಗೆ ಅರ್ಧ ನಿಮಿಷ. ಗಣಿತದ ಪಿರಿಯಡ್‌ನಲ್ಲಿ ಲೆಕ್ಕ ಹಾಕಿದರು: ಒಂದೊಂದು ನಲ್ಲಿಗೆ 44 ಮಕ್ಕಳು, ಅಂದರೆ 22 ನಿಮಿಷ. ಊಟದ ಬಿಡುವಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಸಾಲಿನಲ್ಲೇ ಕಳೆಯಬೇಕು. ಹಸಿದ ಮಕ್ಕಳು, ಅತ್ತ ಸಾಂಬಾರಿನ ವಾಸನೆ. ಯಾರು ಸೋಪು ಹಚ್ಚುತ್ತಾರೆ? ಅದೂ ಅಲ್ಲದೆ ಸೋಪು ಇದ್ದದ್ದು ಒಂದೇ, ಅದೂ ಬಿದ್ದು ಮಣ್ಣು ಮೆತ್ತಿಕೊಂಡಿರುತ್ತಿತ್ತು.

ಆಮೇಲೆ ಗುರಿ ತಾನಾಗಿ ನಾಲ್ಕು ಭಾಗವಾಯಿತು. ಕೆಟ್ಟ ನಲ್ಲಿಯನ್ನು ಸರಿಮಾಡಿಸಲು ಮುಖ್ಯ ಶಿಕ್ಷಕರನ್ನು ಕೇಳುವುದು ನೀರಾವರಿ ಮಂತ್ರಿಗೆ, ಒಂದು ವಾರದೊಳಗೆ. ಈರುಳ್ಳಿ ಬರುವ ಕೆಂಪು ಬಲೆಚೀಲವನ್ನು ಅಡುಗೆಯಮ್ಮನ ಹತ್ತಿರ ಇಸಿದುಕೊಂಡು, ಕತ್ತರಿಸಿ, ಅದರಲ್ಲಿ ಸೋಪು ಕಟ್ಟಿ ಪ್ರತಿ ನಲ್ಲಿಗೂ ತೂಗುಹಾಕುವುದು ಆರನೇ ತರಗತಿಯ ಇಬ್ಬರಿಗೆ. ನಲಿಕಲಿಯ 48 ಚಿಕ್ಕ ಮಕ್ಕಳನ್ನು ಗಂಟೆ ಹೊಡೆಯುವುದಕ್ಕೆ ಹತ್ತು ನಿಮಿಷ ಮುಂಚೆ ಬಿಡುವಂತೆ ಶಿಕ್ಷಕರನ್ನು ಒಪ್ಪಿಸುವುದು ಮುಖ್ಯಮಂತ್ರಿಗೆ. ನಾಲ್ಕು ನಲ್ಲಿಯಲ್ಲಿ ಚಿಕ್ಕವರದು ಆರು ನಿಮಿಷದಲ್ಲಿ ಮುಗಿಯುತ್ತದೆ, ಉಳಿದ 84 ಮಕ್ಕಳಿಗೆ ಹತ್ತೂವರೆ ನಿಮಿಷ ಸಾಕು. ಆರೋಗ್ಯ ಮಂತ್ರಿ ವಾರಕ್ಕೊಂದು ದಿನ, ಯಾವ ದಿನ ಅಂತ ಮುಂಚೆ ಹೇಳದೆ, ಎಣಿಸುತ್ತಾಳೆ. ದಸರಾ ರಜೆಯೊಳಗೆ ಹತ್ತರಲ್ಲಿ ಒಂಬತ್ತು ಮಕ್ಕಳು ಸೋಪು ಹಾಕುತ್ತಿರಬೇಕು. ಹತ್ತಕ್ಕೆ ಹತ್ತು ಯಾಕಲ್ಲ ಅಂತ ಕೇಳಿದ್ದಕ್ಕೆ ಅವಳು, "ಯಾರಾದ್ರೂ ಒಬ್ರು ಮರೆತೇ ಮರೀತಾರೆ ಮಿಸ್" ಅಂದಳು. ಆ ವಿವೇಕ ನನಗಿರಲಿಲ್ಲ.

ರಜೆಗೆ ಎರಡು ವಾರ ಇರುವಾಗಲೇ ಆ ಅಂಕಿ ಮುಟ್ಟಿದರು. ನಡುವೆ ಪಂಪ್ ಕೆಟ್ಟು ನಾಲ್ಕು ದಿನ ನೀರೇ ಇರಲಿಲ್ಲ. ಆ ದಿನಗಳ ಪುಟದಲ್ಲಿ ಅವರು 'ನೀರಿಲ್ಲ' ಅಂತ ಬರೆದು ತಾರೀಖು ಹಾಕಿದ್ದರು. ಆ ಪುಟ ಆಮೇಲೆ ಬಹಳ ಕೆಲಸಕ್ಕೆ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಎಣಿಸಿದ್ದು, ಆಮೇಲೆ ಗುರಿ ಗೊತ್ತುಮಾಡಿದ್ದು, ಇಲ್ಲಿ ಗಮನಿಸಬೇಕಾದ ವಿಷಯ ಈ ಕ್ರಮ. ಗೊತ್ತಿಲ್ಲದ ಕೆಲಸಕ್ಕೆ ಇಳಿಯುವಾಗ ನೇರವಾಗಿ ಅಂಕಿ ಹಾಕಿಕೊಂಡರೆ ಗಾಬರಿಯಾಗಿ ದಾರಿ ತಪ್ಪುವುದೇ ಹೆಚ್ಚು ಅಂತ ಲೇಥಮ್ ಮತ್ತು ಜೆರಾರ್ಡ್ ಸೀಟ್ಸ್ ಆಮೇಲೆ ತೋರಿಸಿದರು. ಅಂಥ ಕಡೆ 'ಇದನ್ನು ಮಾಡುವ ಇಷ್ಟು ದಾರಿ ಹುಡುಕಿ' ಅನ್ನುವ ಕಲಿಕೆಯ ಗುರಿ ಒಳ್ಳೆಯದು. ಹಾಗಾಗಿ ಹೊಸ ಮಂತ್ರಿಮಂಡಲದ ಮೊದಲ ಎರಡು ವಾರಕ್ಕೆ ನಾನು ಇಡಿಸುವ ಗುರಿ ಇಷ್ಟೇ: ನಿಮ್ಮ ಖಾತೆಗೆ ಸಂಬಂಧಪಟ್ಟ ಒಂದು ವಿಷಯವನ್ನು ಐದು ದಿನ ಎಣಿಸಿ ತನ್ನಿ. ಶನಿವಾರ ಬಾರದವರು ಎಷ್ಟು, ಗ್ರಂಥಾಲಯದಿಂದ ಮನೆಗೆ ಹೋದ ಪುಸ್ತಕ ಎಷ್ಟು, ತಟ್ಟೆಯಲ್ಲಿ ಬಿಟ್ಟ ಅನ್ನ ಎಷ್ಟು ಬಕೆಟ್.

ನಮ್ಮ ಕೈಯಲ್ಲಿಲ್ಲದ್ದು

ಮಕ್ಕಳನ್ನು ಏನು ಬೇಕು ಅಂತ ಕೇಳಿದರೆ ಮೊದಲು ಬರುವುದು ಕಾಂಪೌಂಡ್, ಶೌಚಾಲಯ, ಆಟದ ಮೈದಾನ, ಬಸ್. ಅವು ನ್ಯಾಯವಾದ ಬೇಡಿಕೆಗಳೇ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಸುರಕ್ಷಿತ ಕುಡಿಯುವ ನೀರು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆಬೇರೆ ಶೌಚಾಲಯ, ಆಟದ ಮೈದಾನ, ಕಾಂಪೌಂಡ್ ಎಲ್ಲವೂ ಇವೆ. ಆದರೆ ಹನ್ನೆರಡು ವರ್ಷದ ಮಂತ್ರಿ ಶೌಚಾಲಯ ಕಟ್ಟಿಸಲಾರಳು. 'ಶೌಚಾಲಯ ಕಟ್ಟಿಸುವುದು' ಅಂತ ಗುರಿ ಬರೆಸಿದರೆ ಅವಳ ತಪ್ಪಿಲ್ಲದೆ ಅವಳು ಸೋಲುತ್ತಾಳೆ, ತನ್ನ ಕೈಲಿ ಏನೂ ಆಗುವುದಿಲ್ಲ ಅನ್ನುವ ಪಾಠ ಕಲಿತು ಹೋಗುತ್ತಾಳೆ. ಇಂಥ ಗುರಿಯನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಅದರೊಳಗೆ ಮಕ್ಕಳು ಮಾಡಬಹುದಾದ ತುಂಡು ಯಾವುದು ಅಂತ ಹುಡುಕಬೇಕು. ಕಟ್ಟಿಸುವುದು ದೊಡ್ಡವರ ಕೆಲಸ. ಸರಿಯಾದ ಬಾಗಿಲಿಗೆ ಹೋಗಿ, ಲೆಕ್ಕ ಇಟ್ಟುಕೊಂಡು ಕೇಳುವುದು ಮಕ್ಕಳ ಕೈಯಲ್ಲಿದೆ.

ಬಾಗಿಲುಗಳು ಯಾವುವು? ಮೊದಲನೆಯದು ಮುಖ್ಯ ಶಿಕ್ಷಕರು. ಎರಡನೆಯದು ಎಸ್‌ಡಿಎಂಸಿ, ನಮ್ಮ ರಾಜ್ಯದಲ್ಲಿ 2001ರಿಂದ ಇರುವ ಪೋಷಕರ ಸಮಿತಿ. ಅದರ ಸಭೆಗೆ ಮಕ್ಕಳ ಮನವಿಯನ್ನು ಒಂದು ವಿಷಯವಾಗಿ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಮೂರನೆಯದು ಗ್ರಾಮ ಪಂಚಾಯಿತಿ ನಡೆಸಬೇಕಾದ ಮಕ್ಕಳ ಗ್ರಾಮಸಭೆ. ಪಿಡಿಒ, ಅಧ್ಯಕ್ಷರು, ಅಂಗನವಾಡಿ ಮೇಲ್ವಿಚಾರಕಿ, ಆರೋಗ್ಯ ಇಲಾಖೆಯವರು ಎಲ್ಲ ಮಕ್ಕಳ ಎದುರು ಕೂರುವ ದಿನ ಅದು. ಅಂಥ ಸಭೆಗಳಲ್ಲಿ ಬಹುಪಾಲು ಮಕ್ಕಳು ಎದ್ದು "ನಮಗೆ ನೀರು ಬೇಕು" ಅಂತ ಹೇಳಿ ಕೂರುತ್ತಾರೆ, ವೇದಿಕೆಯವರು "ಮಾಡಿಸೋಣ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ನಮ್ಮ ಹುಡುಗಿ 'ನೀರಿಲ್ಲ' ಅಂತ ಬರೆದ ಪುಟ ಓದಿದಳು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಾಲ್ಕು ದಿನ, 132 ಮಕ್ಕಳು, ಅಡುಗೆಯಮ್ಮನವರು ಬೋರ್‌ವೆಲ್‌ನಿಂದ ಬಿಂದಿಗೆಯಲ್ಲಿ ಹೊತ್ತು ತಂದರು, ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿದ್ದರು. ಸಭೆ ಒಂದು ಗಳಿಗೆ ಸುಮ್ಮನಾಯಿತು. ಪಂಪ್ ಕೆಟ್ಟಾಗ ಎಷ್ಟು ದಿನದೊಳಗೆ ಸರಿಮಾಡುತ್ತೀರಿ, ಅಲ್ಲಿಯವರೆಗೆ ಟ್ಯಾಂಕರ್ ಯಾರು ಕಳಿಸುತ್ತಾರೆ ಅಂತ ಅವಳು ಕೇಳಿದ ಎರಡು ಪ್ರಶ್ನೆಗೂ ಉತ್ತರ ನಡಾವಳಿಯಲ್ಲಿ ದಾಖಲಾಯಿತು.

ಆ ಸಾಲಿನ ಗುರಿಯನ್ನು ನಾವು ಹೀಗೆ ಬರೆದುಕೊಂಡಿದ್ದೆವು: ದಸರಾ ರಜೆಗೆ ಮುಂಚೆ ಪಂಚಾಯಿತಿಗೆ ಮನವಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರುವುದು, ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳುವುದು, ಸಂಕ್ರಾಂತಿ ಕಳೆದ ಮೇಲೆ ಉತ್ತರ ಏನಾಯಿತು ಅಂತ ಒಮ್ಮೆ ವಿಚಾರಿಸುವುದು. ಪಂಪ್ ಸರಿಹೋಗಲಿ ಬಿಡಲಿ, ಈ ಮೂರೂ ಮಕ್ಕಳ ಕೈಯಲ್ಲಿರುವ ಕೆಲಸ. ಸ್ವೀಕೃತಿಯ ಪ್ರತಿಯನ್ನು ತಪ್ಪದೆ ಇಟ್ಟುಕೊಳ್ಳಿಸಿ. ಮುದ್ರೆ ಬಿದ್ದ ಕಾಗದಕ್ಕೆ ಇರುವ ಬೆಲೆ ಬಾಯಿಮಾತಿಗೆ ಇಲ್ಲ ಅನ್ನುವುದನ್ನು ಅವರು ಈ ವಯಸ್ಸಿಗೇ ತಿಳಿಯಲಿ.

ಈ ದಾರಿ ನಮ್ಮ ನೆಲಕ್ಕೆ ಹೊಸದಲ್ಲ. 1990ರ ದಶಕದಲ್ಲೇ ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ ದುಡಿಯುವ ಮಕ್ಕಳ ಭೀಮ ಸಂಘ ಮತ್ತು ಮಕ್ಕಳ ಪಂಚಾಯಿತಿ ಕೆಲಸ ಮಾಡಿದ್ದವು. ಊರಿನ ಸಮಸ್ಯೆಗಳನ್ನು ತಾವೇ ಸಮೀಕ್ಷೆ ಮಾಡಿ, ಆ ಮಾಹಿತಿ ಇಟ್ಟುಕೊಂಡು ದೊಡ್ಡವರ ಪಂಚಾಯಿತಿಯ ಎದುರು ಕೂತ ಮಕ್ಕಳು ಅವರು. ಶಾಲೆ ಬಿಟ್ಟು ದುಡಿಯುತ್ತಿದ್ದ ಮಕ್ಕಳು ಮಾಡಿದ್ದನ್ನು ಶಾಲೆಯೊಳಗಿನ ಮಕ್ಕಳು ಮಾಡಲಾರರೇ?

ಹಾಕಿಕೊಳ್ಳಬಾರದ ಗುರಿಗಳು

ಶಿಸ್ತಿನ ಮಂತ್ರಿ, ಗೃಹಮಂತ್ರಿ ಅನ್ನುವ ಹೆಸರಿನಲ್ಲಿ ನಾವು ಮಕ್ಕಳನ್ನು ಪೊಲೀಸರನ್ನಾಗಿ ಮಾಡಿಬಿಡುತ್ತೇವೆ. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು, ತಡವಾಗಿ ಬಂದವರಿಗೆ ದಂಡ ಹಾಕುವುದು. ಇದು ನನಗೆ ಸುತರಾಂ ಒಪ್ಪಿಗೆಯಿಲ್ಲ. ತಡವಾಗಿ ಬರುವ ಮಗು ಮನೆಯಲ್ಲಿ ಹಾಲು ಕರೆದು ಡೇರಿಗೆ ಹಾಕಿ ಬರುತ್ತಿರಬಹುದು, ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರುತ್ತಿರಬಹುದು. ಅದರ ಹೆಸರನ್ನು ಇನ್ನೊಂದು ಮಗು ಬರೆದು ನಿಲ್ಲಿಸುವುದು ನಾಯಕತ್ವ ಅಲ್ಲ. ಹಾಜರಾತಿಯ ಗುರಿ ಬೇಕಿದ್ದರೆ ಅದನ್ನು ತಿರುಗಿಸಿ ಬರೆಯಿಸಿ: ಎರಡು ದಿನ ಸತತವಾಗಿ ಬಾರದ ಪ್ರತಿ ಮಗುವಿನ ಮನೆಗೆ ಅದೇ ಬೀದಿಯ ಒಬ್ಬ ಗೆಳೆಯ ಸಂಜೆ ಹೋಗಿ, ಅಂದಿನ ಪಾಠ ಹೇಳಿ ಬರುವುದು. ಎಣಿಸಬೇಕಾದದ್ದು ಎಷ್ಟು ಮನೆಗೆ ಹೋಗಿಬಂದೆವು ಅನ್ನುವುದನ್ನು, ಬಾರದವರ ಪಟ್ಟಿಯನ್ನಲ್ಲ.

ಅಂಕಿಯೂ ದಾರಿ ತಪ್ಪಿಸುತ್ತದೆ. ಒಮ್ಮೆ ಗ್ರಂಥಾಲಯದ ಹೊಣೆ ಹೊತ್ತ ಹುಡುಗ, ವಾರಕ್ಕೆ ಇಷ್ಟು ಪುಸ್ತಕ ಮನೆಗೆ ಹೋಗಬೇಕು ಅಂತ ಗುರಿ ಇಟ್ಟ. ಮೂರೇ ವಾರದಲ್ಲಿ ಆ ಸಂಖ್ಯೆ ದಾಟಿತು. ಹೋಗಿ ನೋಡಿದರೆ ತೆಳುವಾದ ಪುಸ್ತಕಗಳಷ್ಟೇ ಓಡಾಡುತ್ತಿದ್ದವು, ದಪ್ಪದವು ಕಪಾಟಿನಲ್ಲೇ ಧೂಳು ಹಿಡಿದಿದ್ದವು. ಎಷ್ಟೋ ಮಕ್ಕಳು ತೆಗೆದುಕೊಂಡ ಪುಸ್ತಕವನ್ನು ಚೀಲದಿಂದ ಆಚೆಗೇ ತೆಗೆದಿರಲಿಲ್ಲ. ಅವನನ್ನು ಬೈಯಲಿಲ್ಲ, ಎಣಿಕೆಯನ್ನು ಬದಲಿಸಿದೆವು. ಶುಕ್ರವಾರದ ಕೊನೆಯ ಪಿರಿಯಡ್‌ನಲ್ಲಿ ತಾನು ಓದಿದ ಪುಸ್ತಕದ ಬಗ್ಗೆ ಎರಡು ನಿಮಿಷ ಮಾತಾಡಿದ ಮಕ್ಕಳೆಷ್ಟು ಅಂತ ಲೆಕ್ಕ ಇಟ್ಟೆವು. ಸಂಖ್ಯೆ ತಕ್ಷಣ ಬಿದ್ದುಹೋಯಿತು. ಆದರೆ ಕಪಾಟಿನ ದಪ್ಪ ಪುಸ್ತಕಗಳು ಒಂದೊಂದಾಗಿ ಕೆಳಗಿಳಿದವು.

ಇನ್ನೊಂದು ಬಗೆ, ಅತಿಥಿಗಳಿಗಾಗಿ ಹಾಕಿಕೊಳ್ಳುವ ಗುರಿ. ಅಧಿಕಾರಿಗಳು ಬರುವ ದಿನ ಕೈತೋಟಕ್ಕೆ ಬಣ್ಣದ ಕಲ್ಲು ಜೋಡಿಸುವುದು, ಮಕ್ಕಳಿಗೆ ಪಟ್ಟಿ ಹಾಕಿಸಿ ನಿಲ್ಲಿಸುವುದು. ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಗೆ ಹೋಲಿಸಿದರು. ಕೆಳಗಿನ ಮೂರು ಮೆಟ್ಟಿಲು, ಅಂದರೆ ಮಕ್ಕಳನ್ನು ಆಡಿಸುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಕರೆಯುವುದು, ಭಾಗವಹಿಸುವಿಕೆಯೇ ಅಲ್ಲ ಅಂದರು. ನಮ್ಮ ಮಂತ್ರಿಮಂಡಲ ಯಾವ ಮೆಟ್ಟಿಲಲ್ಲಿದೆ ಅಂತ ತಿಳಿಯಲು ನಡಾವಳಿ ಪುಸ್ತಕ ತೆರೆದರೆ ಸಾಕು: ಕೈಬರಹ ಮಕ್ಕಳದೋ ಮೇಡಂದೋ?

ವಾರಕ್ಕೆ ಹದಿನೈದು ನಿಮಿಷ

ಇಡೀ ವರ್ಷಕ್ಕೆ ಒಂದೇ ಗುರಿ ಹಾಕಬೇಡಿ. ಹನ್ನೆರಡರ ಮಕ್ಕಳಿಗೆ ಏಪ್ರಿಲ್ ಅನ್ನುವುದು ಇನ್ನೊಂದು ಜನ್ಮದಷ್ಟು ದೂರ. ಜುಲೈಯಿಂದ ದಸರಾ ರಜೆಯವರೆಗೆ ಒಂದು ಕಂತು, ರಜೆ ಮುಗಿದ ಮೇಲೆ ಫೆಬ್ರುವರಿವರೆಗೆ ಇನ್ನೊಂದು. ಒಂದು ಕಂತಿಗೆ ಇಡೀ ಮಂತ್ರಿಮಂಡಲಕ್ಕೆ ಎರಡೇ ಗುರಿ, ಬಹಳ ಅಂದರೆ ಮೂರು. ಖಾತೆಗೊಂದು ಅಂತ ಹತ್ತು ಗುರಿ ಇಟ್ಟುಕೊಂಡ ವರ್ಷ ನಮ್ಮಲ್ಲಿ ಒಂದೂ ದಡ ಮುಟ್ಟಲಿಲ್ಲ. ಯಾವ ಎರಡು ಅಂತ ಆರಿಸಲು ಬಿಸಿ ಚರ್ಚೆಯೇ ನಡೆಯುತ್ತದೆ, ನಡೆಯಲಿ. ನಲಿಕಲಿ ಮಕ್ಕಳನ್ನೂ ಕೇಳಿ ಬರಲು ಕಳಿಸಿ. ಅವರಿಗೆ ಓಟು ಇಲ್ಲದಿದ್ದರೂ ನಲ್ಲಿ ಎತ್ತರ ಎಟುಕುತ್ತಿಲ್ಲ ಅನ್ನುವುದು ಅವರಿಗೇ ಗೊತ್ತು.

ಸಭೆ ವಾರಕ್ಕೊಮ್ಮೆ, ಹದಿನೈದು ನಿಮಿಷ. ಶನಿವಾರ ಬೆಳಗಿನ ಶಾಲೆ ಮುಗಿಯುವ ಮುಂಚೆ ನಮಗೆ ಅನುಕೂಲ. ಮೂರೇ ಮಾತು: ಹೋದ ವಾರ ಏನು ಮಾಡುತ್ತೇನೆ ಅಂದಿದ್ದೆ, ಏನಾಯಿತು, ಬರುವ ವಾರ ಏನು. ಆಗದಿದ್ದರೆ ಆಗಲಿಲ್ಲ ಅಂತ ಹೇಳಲು ಹೆದರಿಕೆ ಇರಬಾರದು. ಈ ಒಂದು ವಿಷಯದಲ್ಲಿ ಶಿಕ್ಷಕರ ಮುಖಚಹರೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ನಾವು ಒಮ್ಮೆ ಹುಬ್ಬು ಗಂಟಿಕ್ಕಿದರೆ ಮುಂದಿನ ವಾರದಿಂದ ಎಲ್ಲ ಗುರಿಯೂ 'ಆಗಿದೆ ಮಿಸ್'. ವಿರೋಧ ಪಕ್ಷದ ನಾಯಕನಿಗೆ ನಿಜವಾದ ಕೆಲಸ ಕೊಡುವುದೂ ಇಲ್ಲೇ. ಅವನು ಸ್ವತಂತ್ರವಾಗಿ ಒಂದು ದಿನ ಎಣಿಸಿ ತರಲಿ, ಎರಡು ಲೆಕ್ಕ ತಾಳೆಯಾಗದಿದ್ದರೆ ಯಾಕೆ ಅಂತ ಸಭೆ ಯೋಚಿಸಲಿ.

ಗೋಡೆಗೆ ಒಂದು ರಟ್ಟು ಹಚ್ಚಿ. ಕಚೇರಿಯೊಳಗೆ ಬೇಡ, ಊಟಕ್ಕೆ ಕೂರುವ ಜಗಲಿಯಲ್ಲಿ, ಒಂದನೇ ತರಗತಿಯ ಮಗುವಿನ ಕಣ್ಣಳತೆಯಲ್ಲಿ. ವಾರಕ್ಕೊಂದು ಕಂಬ ಬಣ್ಣ ತುಂಬುತ್ತಾ ಹೋಗಲಿ. ಓದಲು ಬಾರದ ಮಗುವೂ ಈ ವಾರದ ಕಂಬ ಹೋದ ವಾರಕ್ಕಿಂತ ಎತ್ತರ ಇದೆ ಅಂತ ಹೇಳುತ್ತದೆ. ನಮ್ಮಲ್ಲಿ ಅಡುಗೆಯಮ್ಮನವರೂ ಅದನ್ನು ನೋಡಿ, "ಯಾಕ್ರವ್ವಾ, ಈ ವಾರ ಇಳದೈತಲ್ಲ?" ಅಂತ ವಿಚಾರಿಸುತ್ತಿದ್ದರು.

ಏಳನೇ ತರಗತಿ ಮುಗಿಸಿದ ಮಂತ್ರಿಗಳು ಏಪ್ರಿಲ್‌ನಲ್ಲಿ ಟಿ.ಸಿ. ತೆಗೆದುಕೊಂಡು ಹೈಸ್ಕೂಲಿಗೆ ಹೋಗಿಬಿಡುತ್ತಾರೆ. ಅವರು ಕಲಿತದ್ದೆಲ್ಲ ಅವರ ಜೊತೆಗೇ ಹೋಗುತ್ತದೆ, ಜುಲೈಯಲ್ಲಿ ಹೊಸಬರು ಮೊದಲಿನಿಂದ ಶುರುಮಾಡುತ್ತಾರೆ. ಇದಕ್ಕೆ ನಾವು ಕಂಡುಕೊಂಡದ್ದು ಎರಡು. ಪ್ರತಿ ಖಾತೆಗೂ ಆರನೇ ತರಗತಿಯ ಒಬ್ಬ ಉಪಮಂತ್ರಿ ಇರಬೇಕು, ಅವನಿಗೂ ಎಣಿಕೆ ಬರಬೇಕು. ಮಾರ್ಚ್ ಮೊದಲ ವಾರ, ಪರೀಕ್ಷೆಯ ಗದ್ದಲ ಶುರುವಾಗುವ ಮುಂಚೆ, ಹೋಗುವವರು ಇರುವವರಿಗೆ ಪುಸ್ತಕ ಒಪ್ಪಿಸಬೇಕು. ಕೊನೆಯ ಪುಟದಲ್ಲಿ ಮೂರು ಸಾಲು: ಏನು ಆಯಿತು, ಏನು ಅರ್ಧಕ್ಕೆ ನಿಂತಿದೆ, ಯಾರನ್ನು ಕೇಳಬೇಕು. ನಮ್ಮ ಆರೋಗ್ಯ ಮಂತ್ರಿ ಆ ವರ್ಷ ಬರೆದಿಟ್ಟು ಹೋದದ್ದು ಹೀಗಿತ್ತು: ಕೈ ತೊಳೆಯುವುದು ಆಗಿದೆ, ಸೋಪು ಹದಿನೈದು ದಿನಕ್ಕೆ ನಾಲ್ಕು ಬೇಕು, ಹೆಡ್‌ಮಾಸ್ಟರನ್ನು ಸೋಮವಾರವೇ ಕೇಳಿ, ಆಮೇಲೆ ಮರೆಯುತ್ತಾರೆ. ನಲಿಕಲಿಯವರಿಗೆ ಎರಡನೇ ನಲ್ಲಿ ಎಟುಕಲ್ಲ, ಕಲ್ಲು ಹಾಕಿಸಬೇಕು, ನನ್ನ ಕೈಲಿ ಆಗಲಿಲ್ಲ.

ಜುಲೈಯಲ್ಲಿ ಬಂದ ಹೊಸ ಆರೋಗ್ಯ ಮಂತ್ರಿ ಆ ಪುಟ ಓದಿ, ಮೊದಲ ಸಭೆಗೆ ಟೇಪು ಹಿಡಿದುಕೊಂಡು ಬಂದ.